ಕೌದಿಗೂ ಒಂದು ಹೆಸರಿನ ಚೀಟಿ ಬೇಕು

ನಮ್ಮ ಹಾಸ್ಟೆಲಿನಲ್ಲಿ ಉತ್ತರ ಕರ್ನಾಟಕದವರ ರೂಮಿಗೆ ಹೋದರೆ ಹಾಸಿಗೆ ಮೇಲೆ ಒಂದು ಕೌದಿ ಸಿಗೋ ಸಾಧ್ಯತೆ ಜಾಸ್ತಿ. ಯಾರು ಹೊಲಿದಿದ್ದು ಅಂತ ಕೇಳಿ ನೋಡಿ. "ಮನ್ಯಾಗ ಹೊಲದದ್ದು" ಅಂತಾರೆ. ಮನೆ ಅಂದ್ರೆ ಯಾರು? ಅಜ್ಜಿಯಾ, ಸೋದರತ್ತೆಯಾ, ಓಣಿಗೆ ಬಂದು ಹೊಲಿದುಕೊಟ್ಟ ಹೆಂಗಸಾ? ಮಾತು ಅಲ್ಲಿಗೇ ನಿಲ್ಲುತ್ತೆ. ನನ್ನ ತಕರಾರು ಇರೋದು ಅಲ್ಲೇ.

ಅಮೆರಿಕದಲ್ಲಿ ಇದೇ ಬಗೆಯ ಕೆಲಸಕ್ಕೆ ಕ್ವಿಲ್ಟ್ ಅಂತಾರೆ. 'ಮಾಡರ್ನ್ ಕ್ವಿಲ್ಟ್' ಅನ್ನೋ ಹೊಸ ಅಲೆಯೂ ಅಲ್ಲಿದೆ. 2009ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾಡರ್ನ್ ಕ್ವಿಲ್ಟ್ ಗಿಲ್ಡ್ ಶುರುವಾಯ್ತು. ಅವರ ಕ್ವಿಲ್ಟ್‌ಕಾನ್ ಪ್ರದರ್ಶನ 2013ರಲ್ಲಿ ಮೊದಲು ನಡೆಯಿತು. ಗಾಢವಾದ ಒಂದೇ ಬಣ್ಣದ ಬಟ್ಟೆಗಳು, ಬೇಕಂತಲೇ ಬಿಟ್ಟ ಖಾಲಿ ಜಾಗ, ಸ್ಕೇಲ್ ಇಡದೆ ಕತ್ತರಿಸಿದ ತುಂಡುಗಳು ಈ ಶೈಲಿಯ ಗುರುತು. ಆದರೆ ಸ್ಕೇಲ್ ಇಲ್ಲದ ಕೆಲಸ ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರಿಗೆ ಹೊಸದೇನಲ್ಲ. ಅವರು ಹಳೆ ಸೀರೆ ಹಾಸಿ, ಅಂಚಿನಿಂದ ತುಂಡು ಜೋಡಿಸುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕಾಗದದ ಮೇಲೆ ಡಿಸೈನ್ ಇರಲ್ಲ. ನಾಲ್ಕು ಮೂಲೆಗೂ 'ಫುಲ' ಅನ್ನೋ ತ್ರಿಕೋನದ ಹೂವು ಬಿದ್ದ ಮೇಲೇ ಕೆಲಸ ಮುಗಿದ ಲೆಕ್ಕ.

ಹಾಗಾದ್ರೆ ಅದು ಕಲೆ, ಇದು ಹೊದಿಕೆ ಅಂತ ಯಾಕೆ? ಅಲ್ಲಿನ ಪ್ರದರ್ಶನಗಳಲ್ಲಿ ಪ್ರತಿ ಕ್ವಿಲ್ಟ್ ಪಕ್ಕ ಒಂದು ಚೀಟಿ ಇರುತ್ತೆ. ತುಂಡು ಜೋಡಿಸಿದವರು ಯಾರು, ಮೇಲಿನ ಹೊಲಿಗೆ ಬೇರೆಯವರದ್ದಾದ್ರೆ ಅವರು ಯಾರು, ಎಲ್ಲಾ ಅದರಲ್ಲಿ ಬರೆದಿರುತ್ತಾರೆ.

ಅಲ್ಲೂ ಇದು ಮೊದಲಿನಿಂದ ಇರಲಿಲ್ಲ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆ ಕ್ವಿಲ್ಟ್‌ಗಳನ್ನು ಅಮೂರ್ತ ಚಿತ್ರಗಳ ಹಾಗೆ ತೂಗುಹಾಕಿತು; ಹೊಲಿದವರ ಹೆಸರು ಬಹುಪಾಲು ಇರಲೇ ಇಲ್ಲ. 2002ರಲ್ಲಿ ಅದೇ ಮ್ಯೂಸಿಯಂಗೆ ಅಲಬಾಮದ ಜೀಸ್ ಬೆಂಡ್ ಹಳ್ಳಿಯ ಕಪ್ಪು ಹೆಂಗಸರ ಕ್ವಿಲ್ಟ್‌ಗಳು ಬಂದಾಗ ಹೆಸರುಗಳೂ ಜೊತೆಗೆ ಬಂದವು. ಅವರಲ್ಲಿ ಮಿಸೌರಿ ಪೆಟ್‌ವೇ ಒಬ್ಬರು. 1942ರಲ್ಲಿ ಗಂಡ ತೀರಿಕೊಂಡ ಮೇಲೆ, ಅವನು ಹೊಲದಲ್ಲಿ ಹಾಕಿಕೊಳ್ಳುತ್ತಿದ್ದ ಬಟ್ಟೆಗಳಿಂದಲೇ ಆಕೆ ಒಂದು ಕ್ವಿಲ್ಟ್ ಹೊಲಿದರು. ಇಷ್ಟು ಗೊತ್ತಾದ ಮೇಲೆ ಆ ಮಾಸಿದ ನೀಲಿಯನ್ನ ಬರೀ ಬಣ್ಣ ಅಂತ ನೋಡೋಕಾಗುತ್ತಾ?

ಹೆಸರೊಂದೇ ಸಾಕು ಅಂತಲ್ಲ. ದುಡ್ಡಿನ ಲೆಕ್ಕ ಸರಿಯಿಲ್ಲ ಅಂತ ಜೀಸ್ ಬೆಂಡಿನ ಕೆಲವರು 2007ರಲ್ಲಿ ಕೋರ್ಟಿಗೆ ಹೋದರು. ಮುಂದಿನ ವರ್ಷ ಆ ಜಗಳ ಬಗೆಹರಿಯಿತು. ಆದರೆ ಲೆಕ್ಕ ಕೇಳೋಕೂ ಮೊದಲು ಹೆಸರು ಬೇಕು. ಹೆಸರೇ ಇಲ್ಲದವರ ಪರವಾಗಿ ಯಾರು ಕೇಳ್ತಾರೆ?

"ಕೌದಿ ಇರೋದು ಹೊದ್ದುಕೊಳ್ಳೋಕೆ, ಗೋಡೆಗೆ ಹಾಕಿದ್ರೆ ಅದು ಸತ್ತಂತೆ" ಅಂತ ಕೆಲವರು ಹೇಳಬಹುದು. ಒಪ್ಪಿಕೊಳ್ಳೋ ಮಾತೇ. ಎರಡು ದಿನ ತೂಗುಹಾಕಿ, ಮೂರನೇ ದಿನ ರಾತ್ರಿ ಮತ್ತೆ ಹೊದ್ದುಕೊಳ್ಳೋಣ.

ಅದಕ್ಕೇ ನನ್ನ ಸಲಹೆ: ಈ ಸಲದ ರಾಜ್ಯೋತ್ಸವಕ್ಕೆ ವೇದಿಕೆ ಹಿಂದೆ ಅಲಂಕಾರಕ್ಕಂತ ಕೌದಿ ಕಟ್ಟೋದು ಬೇಡ. ಸೆಮಿನಾರ್ ಹಾಲಿನಲ್ಲಿ ಅವುಗಳದ್ದೇ ಒಂದು ಪ್ರದರ್ಶನ ಮಾಡೋಣ. ಹೊಸದಾಗಿ ಹೊಲಿಯೋಕೆ ಇಷ್ಟ ಇರೋರು ಹಳೆ ಫೆಸ್ಟ್ ಟೀ ಶರ್ಟುಗಳಿಂದ ಹೊಲಿದು ಪಕ್ಕದಲ್ಲೇ ಇಡಲಿ. ಗಿಟ್‌ಹಬ್‌ನಲ್ಲಿ ಎರಡು ಸಾಲು ಕೋಡ್ ತಿದ್ದಿದ್ರೂ ನಮ್ಮ ಹೆಸರು ದಾಖಲಾಗುತ್ತೆ. ಕೈಹೊಲಿಗೆ ಹಾಕಿ ಬೆರಳು ನೋಯಿಸಿಕೊಂಡವರಿಗೆ ಒಂದು ಚೀಟಿ ದೊಡ್ಡದಾ? ಹೊಲಿದವರ ಒಪ್ಪಿಗೆ ಕೇಳಿ, ಅವರ ಹೆಸರು, ಊರು, ಯಾವ ಯಾವ ಬಟ್ಟೆ ಅನ್ನೋದನ್ನ ಬರೆದು ಪಕ್ಕದಲ್ಲಿ ಅಂಟಿಸೋಣ. ಯಾರಾದರೂ ಕೊಳ್ಳೋಕೆ ಬಂದ್ರೆ ಬೆಲೆ ಹೇಳೋದು ಹೊಲಿದವರೇ.

ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ, ಈ ಕೌದಿ ಹೊಲಿದಿದ್ದು ಯಾರು ಅಂತಲೂ ಕೇಳಿ.