ಬಾಯಿ ನಮ್ಮದು, ಗುಂಡಿ ಅವರದು



ಸೊರಬ ಸೀಮೆಯ ನಮ್ಮ ಕೇರಿಗೆ ಹೆಣ ಹೂಳಲಿಕ್ಕೆ ಜಾಗ ಇಲ್ಲ. ಹಳ್ಳದ ದಂಡೆಯಲ್ಲಿ ಹೂಳ್ತೇವೆ. ಮಳೆಗಾಲದಲ್ಲಿ ಸತ್ತವರನ್ನು ಕೆಸರೊಳಗೇ ಇಳಿಸಿ ಬರ್ತೇವೆ. ನಮ್ಮ ಮನೆಯಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಆ ಡಿಗ್ರಿಯಿಂದ ಕೇರಿಗೆ ಆದ ಉಪಯೋಗ ಒಂದೇ: ಅರ್ಜಿ ಬರೆಸಲಿಕ್ಕೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗೋದು ತಪ್ಪಿತು. ಸ್ಮಶಾನಕ್ಕೆ ಜಾಗ ಕೊಡಿ ಅಂತ ಬರೆದೂ ಬರೆದೂ ನನ್ನ ಅಕ್ಷರ ದುಂಡಗಾಯಿತು.

ಹೋದ ಮಳೆಗಾಲದಲ್ಲಿ ಒಂದು ಕಚೇರಿಯವರು, "ಕುಂದುಕೊರತೆ ಸಭೆ ಆನ್‌ಲೈನಲ್ಲಿ ಇದೆ, ಲಿಂಕ್ ಒತ್ತಿ ಬನ್ನಿ, ನಿಮಗೆ ಬಸ್ ಚಾರ್ಜ್ ಉಳೀತು" ಅಂದರು. ಹದಿನಾಲ್ಕು ಜನ ಕೂಲಿ ಬಿಟ್ಟು ಶಾಲೆಯ ಜಗಲಿಯಲ್ಲಿ ನನ್ನ ಒಂದು ಫೋನಿನ ಸುತ್ತ ಕೂತೆವು. ನೆಟ್‌ವರ್ಕ್ ಸಿಗೋದು ಆ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಮೊದಲು "ಕಾಯಿರಿ, ಒಳಗೆ ಬಿಡುತ್ತಾರೆ" ಅಂತ ಬಂತು. ಇಪ್ಪತ್ತು ನಿಮಿಷ ಕಾದೆವು. ಹೊರಗೆ ನಿಂತು ಕಾಯೋದು ನಮಗೆ ಹೊಸದಲ್ಲ. ಆಮೇಲೆ ಬಿಟ್ಟರು. "ಸಾರ್, ನಮ್ಮ ಹೆಣ ಎಲ್ಲಿ ಹೂಳಬೇಕು?" ಅಂತ ಅವ್ವ ಶುರು ಮಾಡಿದಳು. ಮೈಕಿನ ಚಿತ್ರದ ಮೇಲೆ ಕೆಂಪು ಗೆರೆ ಬಿತ್ತು. ಒತ್ತಿದೆ. ಮತ್ತೆ ಒತ್ತಿದೆ. ಮೈಕ್ ತೆರೆಯಲು ನಿಮಗೆ ಅನುಮತಿ ಇಲ್ಲ ಅಂತ ಬಂತು. ಅವ್ವ ಮಾತಾಡ್ತಲೇ ಇದ್ದಳು. ತನ್ನ ದನಿ ಆ ಜಗಲಿ ದಾಟಿಲ್ಲ ಅನ್ನೋದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಸಭೆಯ ನಡಾವಳಿ ನೋಡಿದೆ. "ಬೇರೆ ಯಾವುದೇ ಅಹವಾಲು ಬಂದಿರುವುದಿಲ್ಲ" ಎಂದು ಬರೆದಿತ್ತು.

ಆ ಕಚೇರಿಯ ಹೆಸರು ಇಲ್ಲಿ ಬರೆಯೋದಿಲ್ಲ. ಒಬ್ಬ ಸಾಹೇಬನನ್ನು ಬೈದು ಸುಮ್ಮನಾದರೆ, ಅವನ ಕೈಗೆ ಆ ಗುಂಡಿ ಕೊಟ್ಟವರು ತಪ್ಪಿಸಿಕೊಳ್ತಾರೆ. ನನ್ನ ಜಗಳ ಗುಂಡಿಯ ಜೊತೆ.

ಈ ಯಂತ್ರ ಹೇಗೆ ಕೆಲಸ ಮಾಡ್ತದೆ ಅಂತ ನಾವು ತಿಳಿಯಬೇಕು. ಇಬ್ಬರೇ ಮಾತಾಡುವಾಗ ಒಂದು ಫೋನಿನ ದನಿ ಇನ್ನೊಂದಕ್ಕೆ ನೇರವಾಗಿ ಹೋಗಬಹುದು. ಹತ್ತು ಜನ ಸೇರಿದರೆ ಪ್ರತಿಯೊಬ್ಬರ ಫೋನೂ ಒಂಬತ್ತು ಕಡೆಗೆ ಕಳಿಸಬೇಕು, ಒಟ್ಟು 90. ನೂರು ಜನ ಸೇರಿದರೆ 9,900. ನಮ್ಮ ಅಗ್ಗದ ಫೋನು, ನಮ್ಮೂರ ಟವರು ಇದನ್ನು ತಡೆಯೋದಿಲ್ಲ. ಅದಕ್ಕೇ ನಡುವೆ ಒಂದು ಸರ್ವರ್ ಇಡ್ತಾರೆ. ಎಲ್ಲರೂ ತಮ್ಮ ದನಿಯನ್ನು ಒಂದೇ ಸಲ ಅಲ್ಲಿಗೆ ಕಳಿಸ್ತಾರೆ, ಅದು ಉಳಿದವರಿಗೆ ಹಂಚ್ತದೆ. ಇದು ಲೆಕ್ಕದ ಮಾತು, ಇಲ್ಲಿವರೆಗೆ ಮೋಸ ಇಲ್ಲ.

ಆದರೆ ಹಂಚುವ ಜಾಗ ಒಂದೇ ಆದ ಕೂಡಲೇ ಹಂಚುವವನ ಯಜಮಾನಿಕೆ ಶುರುವಾಗ್ತದೆ. ಶಿಕಾರಿಪುರದ ಅಂಜನಾಪುರ ಜಲಾಶಯದ ನೀರು ಎಲ್ಲರದೂ ಹೌದು. ಆದರೆ ತೂಬು ಎತ್ತೋನು ಯಾರು, ಯಾವಾಗ ಎತ್ತುತಾನೆ ಅನ್ನೋದರ ಬೆಲೆ ಕಾಲುವೆಯ ಕೊನೆಯಲ್ಲಿ ಗದ್ದೆ ಇರೋನಿಗೇ ಗೊತ್ತು. ಮಾತಿನ ತೂಬೂ ಹಾಗೇ. ಯಾರನ್ನು ಒಳಗೆ ಬಿಡಬೇಕು, ಯಾರ ಬಾಯಿ ಮುಚ್ಚಬೇಕು, ಯಾರ ಮುಖ ದೊಡ್ಡದಾಗಿ ತೋರಿಸಬೇಕು, ಯಾರನ್ನು ಹೊರಗೆ ಹಾಕಬೇಕು, ಎಲ್ಲವೂ ಹೋಸ್ಟ್ ಎಂಬ ಒಬ್ಬನ ಕೈಲಿ. ಅವನ ಮೇಲೆ ಕಂಪನಿ. ಕಂಪನಿಯ ಮೇಲೆ ಸರ್ಕಾರಗಳು. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆಗೆ ಇದಕ್ಕಿಂತ ಚೊಕ್ಕವಾದ ನಕ್ಷೆ ಬೇಕೆ?

ಬರೀ ಊಹೆಯಲ್ಲ ಇದು. 2020ರ ಜೂನಿನಲ್ಲಿ ಚೀನಾ ಸರ್ಕಾರ ಕೇಳಿತು ಅಂತ ಝೂಮ್ ಕಂಪನಿ ತಿಯಾನನ್‌ಮೆನ್ ಹತ್ಯಾಕಾಂಡದ ನೆನಪಿನ ಸಭೆಗಳನ್ನು ನಿಲ್ಲಿಸಿ, ಮೂರು ಖಾತೆಗಳನ್ನು ಮುಚ್ಚಿತು. ಅದರಲ್ಲಿ ಎರಡು ಅಮೆರಿಕದವು, ಒಂದು ಹಾಂಗ್‌ಕಾಂಗ್‌ನದು. ಗಲಾಟೆಯಾದ ಮೇಲೆ ಮತ್ತೆ ತೆರೆಯಿತು. ಮಾತಾಡುವ ಇಬ್ಬರ ನಡುವೆ ಯಾರೂ ಕದ್ದು ಕೇಳಲಾಗದಂಥ ಬೀಗ ನಮ್ಮಲ್ಲಿದೆ ಅಂತ ಅದೇ ಕಂಪನಿ ಜಾಹೀರಾತು ಮಾಡಿತ್ತು. ಬೀಗದ ಕೈ ಕಂಪನಿಯ ಬಳಿಯೇ ಇತ್ತು ಎಂದು ಅಮೆರಿಕದ ವಾಣಿಜ್ಯ ಆಯೋಗ ಆಪಾದಿಸಿ, 2020ರ ನವೆಂಬರಿನಲ್ಲಿ ರಾಜಿ ಒಪ್ಪಂದವಾಯಿತು.

ನಮ್ಮ ದೆಹಲಿಯವರು ಏನು ಮಾಡಿದರು? 2020ರ ಏಪ್ರಿಲಿನಲ್ಲಿ ಗೃಹ ಇಲಾಖೆ ಝೂಮ್ ಸುರಕ್ಷಿತವಲ್ಲ, ಅಧಿಕಾರಿಗಳು ಕಚೇರಿ ಕೆಲಸಕ್ಕೆ ಬಳಸುವಂಥದ್ದಲ್ಲ ಅಂತ ಸೂಚನೆ ಹೊರಡಿಸಿತು. ಜನ ಬಳಸೋದಾದರೆ ಹೇಗೆ ಅಂತಲೂ ಹೇಳಿತು: ಹೊರಗೆ ಕಾಯಿಸಿ, ಸಭೆಗೆ ಬೀಗ ಹಾಕಿ, ತೆಗೆದು ಹಾಕಿದವರು ಮತ್ತೆ ಒಳಗೆ ಬರದಂತೆ ಮಾಡಿ. ಎಲ್ಲವೂ ಹೋಸ್ಟ್‌ಗೆ ಹೇಳಿದ ಬುದ್ಧಿ. ಕಳ್ಳರು ನುಗ್ಗದಿರಲಿ ಅನ್ನೋದು ಸರಿ. ಅದೇ ಬೀಗ ಹೆಣ ಹೂಳಲು ಜಾಗ ಕೇಳುವ ಹೆಂಗಸಿನ ಮುಖಕ್ಕೆ ಬಿದ್ದರೆ ಏನು ಮಾಡಬೇಕು?

ಇದು ಇವತ್ತಿನ ಕಂಪ್ಯೂಟರು ಹುಟ್ಟಿಸಿದ ರೋಗವೂ ಅಲ್ಲ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅಂಬೇಡ್ಕರರನ್ನು ಅಧ್ಯಕ್ಷರಾಗಿ ಕರೆದರು. ಭಾಷಣ ಮೊದಲೇ ಓದಿ ಹೆದರಿದರು. ತಿದ್ದಿ ಅಂದರು. ಅಕ್ಷರ ತಿದ್ದಲ್ಲ ಅಂದರು ಬಾಬಾಸಾಹೇಬರು. ಸಮ್ಮೇಳನವೇ ರದ್ದಾಯಿತು. ಕರೆದವನೇ ಬಾಗಿಲು ಮುಚ್ಚಿದ. ಅವರು ಅಳುತ್ತಾ ಕೂರಲಿಲ್ಲ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಜನರ ಕೈಗೆ ಕೊಟ್ಟರು. ಅದೇ ಜಾತಿವಿನಾಶ.

ಸಭೆ ಅಂದರೆ ಏನು ಅಂತ ನಮ್ಮ ನೆಲಕ್ಕೇ ಗೊತ್ತಿತ್ತು. ಅಲ್ಲಮ ಶಿಕಾರಿಪುರದ ಬಳ್ಳಿಗಾವಿಯವನು, ಅಕ್ಕ ಪಕ್ಕದ ಉಡುತಡಿಯವಳು. ಕಲ್ಯಾಣದಲ್ಲಿ ಅಕ್ಕನಿಗೆ ಅಲ್ಲಮ ಕಟುವಾದ ಪ್ರಶ್ನೆಗಳನ್ನೇ ಹಾಕಿದ ಅಂತ ಶೂನ್ಯಸಂಪಾದನೆ ಹೇಳ್ತದೆ. ಆದರೆ ಎಲ್ಲರೆದುರಿಗೆ ಕೇಳಿದ, ಎಲ್ಲರೆದುರಿಗೆ ಅವಳ ಉತ್ತರ ಕೇಳಿಸಿಕೊಂಡ. ಪ್ರತಿಮೆ ನಿಲ್ಲಿಸೋದು ಸುಲಭ. ಕೇಳಿಸಿಕೊಳ್ಳೋದು ಕಷ್ಟ.

ಚಂದ್ರಗುತ್ತಿಯನ್ನೂ ನೆನೆಯಿರಿ. 1986ರ ಮಾರ್ಚಿನಲ್ಲಿ ಬೆತ್ತಲೆ ಸೇವೆ ನಿಲ್ಲಿಸಿ ಎಂದು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನು ಹೊಡೆದರು, ಪೊಲೀಸರನ್ನೂ ಬಿಡಲಿಲ್ಲ. ಹೊಡೆದ ಕೈ ನಾಡಿಗೆಲ್ಲ ಕಂಡಿತು, ನಾಡು ನಾಚಿತು, ಸರ್ಕಾರ ಆ ಸೇವೆಯನ್ನು ನಿಷೇಧಿಸಬೇಕಾಯಿತು. ಅವ್ವನ ಬಾಯಿ ಮುಚ್ಚಿದ ಕೈ ಯಾರಿಗೆ ಕಂಡಿತು? ಅದೇ ಈ ಗುಂಡಿಯ ಹುನ್ನಾರ. ರಕ್ತವಿಲ್ಲ, ಸಾಕ್ಷಿಯಿಲ್ಲ, ಕೇಳಿದರೆ "ನೆಟ್‌ವರ್ಕ್ ಸರಿ ಇರಲಿಲ್ಲ".

ಮೇಷ್ಟ್ರುಗಳೇ, ನಿಮಗೂ ಒಂದು ಮಾತು. ಲಾಕ್‌ಡೌನಿನಲ್ಲಿ ಗುಡ್ಡ ಹತ್ತಿ, ಮರ ಹತ್ತಿ ಪಾಠ ಕೇಳಿದ ನಾವು ಮ್ಯೂಟ್ ಅನ್ನೋ ಪದವನ್ನು ಕಲಿತದ್ದು ನಿಮ್ಮ ತರಗತಿಯಲ್ಲೇ. ನಲವತ್ತು ಮಕ್ಕಳ ಮನೆಯ ನಾಯಿ, ಕೋಳಿ, ಜಗಳ ಒಟ್ಟಿಗೆ ಕೂಗಿದರೆ ಪಾಠ ಆಗೋದಿಲ್ಲ, ನಿಜ. ಗ್ರಾಮಸಭೆಯಲ್ಲೂ ಅಧ್ಯಕ್ಷರು "ಸ್ವಲ್ಪ ಕೂತ್ಕೊಳ್ಳಿ" ಅಂತಾರೆ. ಆದರೆ ಅಲ್ಲಿ ನಾನು ಎದ್ದು ನಿಲ್ಲಬಲ್ಲೆ. ಕೂರಿಸಿದ್ದನ್ನು ಊರು ನೋಡ್ತದೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಜನರ ಅಹವಾಲಿನ ಸಭೆ ಜನರ ಎದುರಿಗೇ ನಡೆಯಬೇಕು; ಆನ್‌ಲೈನ್ ಅದರ ಜೊತೆಗಿರಲಿ, ಅದರ ಬದಲಿಗೆ ಬೇಡ. ಮುಚ್ಚಿದ ಮೈಕನ್ನು ತೆರೆಯುವ ಹಕ್ಕು ಮಾತಾಡುವವರಿಗೇ ಇರಬೇಕು. ಯಾರು ಯಾರ ಬಾಯಿ ಮುಚ್ಚಿದರು ಅನ್ನೋದು ನಡಾವಳಿಯಲ್ಲಿ ಬರಬೇಕು. ಸಭೆಯ ರೆಕಾರ್ಡಿಂಗ್ ಪಂಚಾಯಿತಿಯಲ್ಲಿ ಕೇಳಿದವರಿಗೆ ಸಿಗಬೇಕು.

ನಾವೂ ಅಚ್ಚುಮೊಳೆ ಕಲಿತ ಹಾಗೆ ಇದನ್ನೂ ಕಲಿಯಬೇಕು. 2003ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒಬ್ಬ ವಿದ್ಯಾರ್ಥಿ ಶುರು ಮಾಡಿದ ಕೆಲಸದಿಂದ ಜಿಟ್ಸಿ ಬೆಳೆಯಿತು. 2007ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಬಿಗ್‌ಬ್ಲೂಬಟನ್ ಶುರುವಾಯಿತು. ಇವುಗಳ ಒಳಗುಟ್ಟು ಯಾರು ಬೇಕಾದರೂ ಓದಬಹುದು, ಸ್ವಂತ ಸರ್ವರಿನ ಮೇಲೆ ಓಡಿಸಬಹುದು. ಬಿಟ್ಟಿ ಸಿಗುವ ಜಿಟ್ಸಿ ತಾಣ ಕೂಡ 2023ರ ಆಗಸ್ಟಿನಿಂದ ಗೂಗಲ್, ಫೇಸ್‌ಬುಕ್‌ನಂಥ ಖಾತೆ ಇಲ್ಲದೆ ಸಭೆ ಶುರು ಮಾಡಲು ಬಿಡೋದಿಲ್ಲ. ಬೇರೆಯವರ ಜಗಲಿ ಯಾವತ್ತಿದ್ದರೂ ಬೇರೆಯವರದೇ.

ಸ್ವಂತ ಸರ್ವರ್ ಬಂದರೆ ಸಮತೆ ಬಂತು ಅಂದುಕೊಳ್ಳಬೇಡಿ. ನಮ್ಮ ಸಂಗಾತಿಗಳ ಆನ್‌ಲೈನ್ ಸಭೆಗಳಲ್ಲೇ ಅಕ್ಕಂದಿರು ಬಾಯಿ ತೆರೆದಾಗ "ಸಮಯ ಆಯ್ತು" ಅಂತ ಮೈಕ್ ಮುಚ್ಚಿದ್ದನ್ನು ಕಂಡಿದ್ದೇನೆ. ಮುಚ್ಚಿದವರಲ್ಲಿ ನಾನೂ ಒಬ್ಬ. ತೂಬು ನಮ್ಮ ಕೈಗೆ ಬಂದ ದಿನ ನಾವೇ ಗೌಡರಾಗಬಾರದು. ಹೋಸ್ಟ್ ಪ್ರತಿ ಸಭೆಗೂ ಬದಲಾಗಲಿ, ನಿಯಮವನ್ನು ಸಭೆಯೇ ಮಾಡಲಿ.

ಮೊನ್ನೆ ಅದೇ ಕಚೇರಿಯಿಂದ ಮತ್ತೊಂದು ಲಿಂಕ್ ಬಂತು. ಅವ್ವನಿಗೆ ತೋರಿಸಿದೆ. ಸೆರಗಿನ ಗಂಟು ಬಿಚ್ಚಿದಳು.

"ಬಸ್ ಚಾರ್ಜ್ ನಾ ಕೊಡ್ತೀನಿ. ತಾಲ್ಲೂಕಿಗೇ ಹೋಗಾಣ ನಡಿ. ಅಲ್ಲಿ ಹೆಂಗೆ ಬಾಯಿ ಮುಚ್ಚಿಸ್ತಾರೋ ನೋಡಾಣ."