ಅಳಿಸಿ ಬರೆದರೆ ಮೋಸವೇ?

'ಕಂಪ್ಯೂಟರಿನ ಸಹಾಯ ತಗೊಂಡು ಆಡಿದ್ದು ಅಂದ್ಮೇಲೆ ಅದು ಚೀಟಿಂಗೇ, ಅದಕ್ಕೆಂಥಾ ಪ್ರಶಸ್ತಿ?' ಅನ್ನುವವರಿಗೆ ಇವತ್ತು ಉತ್ತರ ಕೊಡಲೇಬೇಕು ಅಂತ ಕುಳಿತಿದ್ದೇನೆ. ವಿಷಯ ವಿಡಿಯೋ ಗೇಮಿನದು. 'ಈ ವಯಸ್ಸಿನಲ್ಲಿ ಇದೇನು ಹುಡುಗಾಟ' ಅಂತ ಮೂಗು ಮುರಿಯಬೇಡಿ. ಮಾತು ಮಾರಿಯೋನಿಂದ ಶುರುವಾದರೂ ಮೋಸ ಅಂದರೇನು, ಶ್ರಮ ಅಂದರೇನು, ಯಾರಿಗೆ ಶಾಲು ಹೊದಿಸಬೇಕು ಅನ್ನುವಲ್ಲಿಗೇ ಹೋಗಿ ನಿಲ್ಲುತ್ತೆ.

ಧಾರವಾಡ ಬಿಟ್ಟು ಪುಣೆ ಸೇರಿ ಮೂವತ್ತು ವರ್ಷ ದಾಟಿತು. ನನ್ನ ತಂಗಿಯ ಮಗ ಕೋಥ್ರೂಡಿನ ನಮ್ಮ ಮನೆಯಲ್ಲೇ ಇದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾನೆ. ಇತ್ತೀಚೆಗೆ ಕಾಲೇಜೊಂದರ ಟೆಕ್ ಫೆಸ್ಟಿಗೆ 'ಕಾಂಟ್ರಾ' ಆಟದ ಮೊದಲ ಹಂತದ್ದೊಂದು 'ಟಾಸ್' ಮಾಡಿಕೊಂಡು ಹೋಗಿದ್ದ. ಟಾಸ್ ಅಂದರೆ ಟೂಲ್-ಅಸಿಸ್ಟೆಡ್ ಸ್ಪೀಡ್‌ರನ್, ಅಂದರೆ ಉಪಕರಣದ ನೆರವಿನಿಂದ ಒಂದು ಆಟವನ್ನು ಆದಷ್ಟು ಬೇಗ ಮುಗಿಸಿ ತೋರಿಸುವುದು. ಇನ್ನು 'ಕಾಂಟ್ರಾ' ನಿಮಗೂ ಗೊತ್ತಿರಲೇಬೇಕು. 90ರ ದಶಕದಲ್ಲಿ ಇಲ್ಲಿನ ಬುಧವಾರ ಪೇಠೆಯ ತಪಕೀರ ಗಲ್ಲಿಯಿಂದ ಹಿಡಿದು ನಮ್ಮ ಹುಬ್ಬಳ್ಳಿ, ಬೆಳಗಾವಿಯ ಅಂಗಡಿಗಳವರೆಗೆ ಟೀವಿಗೆ ಜೋಡಿಸುವ ಗೇಮ್ ಡಬ್ಬಿ ಬರ್ತಿತ್ತಲ್ಲ, ಒಂದೇ ಕ್ಯಾಸೆಟ್ಟಿನಲ್ಲಿ ಲಕ್ಷಾಂತರ ಆಟ ಇವೆ ಅಂತ ಚೀಟಿ ಅಂಟಿಸಿಕೊಂಡು, ಅದರಲ್ಲಿ ಮಾರಿಯೋ ಬಿಟ್ಟರೆ ಎಲ್ಲರೂ ಆಡುತ್ತಿದ್ದುದು ಇದನ್ನೇ. ಈ ಹುಡುಗ ಎರಡು ತಿಂಗಳು ರಾತ್ರಿ ನಿದ್ದೆಗೆಟ್ಟು ಮಾಡಿದ್ದನ್ನು ತೀರ್ಪುಗಾರರು ಎರಡು ನಿಮಿಷದಲ್ಲಿ 'ಇದು ಚೀಟಿಂಗ್' ಅಂತ ಪಕ್ಕಕ್ಕಿಟ್ಟರಂತೆ. 'ಮಾಮಾ, ನಾ ಎಲ್ಲಾ ಬರದು ಕೊಟ್ಟಿದ್ದೆ. ಅವರು ಓದಲೇ ಇಲ್ಲ. ಟೂಲ್ ಅನ್ನೋ ಶಬ್ದ ಕಂಡ ಕೂಡಲೇ ಮುಗೀತು' ಅಂದ. ನನ್ನ ಪಿತ್ತ ನೆತ್ತಿಗೇರಿದ್ದು ಆವಾಗ.

*

ಮೊದಲು ಈ ಟಾಸ್ ಹೇಗೆ ಮಾಡುತ್ತಾರೆ ಅಂತ ಹೇಳಿಬಿಡ್ತೀನಿ. ಹಳೇ ಗೇಮುಗಳು ಸೆಕೆಂಡಿಗೆ ಸುಮಾರು 60 ಫ್ರೇಮ್, ಅಂದರೆ 60 ಚಿತ್ರ ತೋರಿಸುತ್ತವೆ. ಎಫ್‌ಸಿಇಯುಎಕ್ಸ್, ಬಿಜ್‌ಹಾಕ್‌ನಂಥ ಎಮ್ಯುಲೇಟರಿನಲ್ಲಿ ಆಟವನ್ನು ಪ್ರತಿ ಫ್ರೇಮಿಗೂ ನಿಲ್ಲಿಸಿ, ಈಗ ಯಾವ ಬಟನ್ ಒತ್ತಬೇಕು ಅಂತ ಯೋಚಿಸಿ, ಒತ್ತಿ, ಮುಂದಿನ ಫ್ರೇಮಿಗೆ ಹೋಗಬಹುದು. ಸರಿಬರಲಿಲ್ಲವೋ, ಮೊದಲೇ ಉಳಿಸಿಟ್ಟ ಜಾಗಕ್ಕೆ ವಾಪಸ್ ಬಂದು ಇನ್ನೊಂದು ಥರ ಮಾಡಿ ನೋಡಬಹುದು. ಹೀಗೆ ಹಿಂದೆ ಬಂದು ತಿದ್ದಿದ್ದಕ್ಕೆ 'ರೀ-ರೆಕಾರ್ಡ್' ಅನ್ನುತ್ತಾರೆ. ಕೊನೆಗೆ ಉಳಿಯುವುದು ಒಂದು ಪಟ್ಟಿ ಮಾತ್ರ: ಇಂಥ ಫ್ರೇಮಿನಲ್ಲಿ ಇಂಥ ಬಟನ್. ಆಟದ ಪ್ರೋಗ್ರಾಮಿನಲ್ಲಿ ಒಂದಕ್ಷರ ಬದಲಾಯಿಸುವಂತಿಲ್ಲ, ಜೀವ ಕಡಿಮೆಯಾಗದ ಹಾಗೆ ಮಾಡುವಂತಿಲ್ಲ. ಆ ಪಟ್ಟಿಯನ್ನು ನಿಜವಾದ ಮೆಷೀನಿಗೆ ಕೊಟ್ಟು ಓಡಿಸಿ ತೋರಿಸುವುದೂ ಉಂಟು. 2014ರ ಜನವರಿಯಲ್ಲಿ ಅಮೆರಿಕದ 'ಆಸಮ್ ಗೇಮ್ಸ್ ಡನ್ ಕ್ವಿಕ್' ಅನ್ನುವ ಸಹಾಯಾರ್ಥ ಕಾರ್ಯಕ್ರಮದಲ್ಲಿ 'ಟಾಸ್‌ಬಾಟ್' ಅನ್ನುವ ಯಂತ್ರ, ಮಾಸ್ಟರ್‌ಜುನ್ ಎಂಬಾತ ತಯಾರಿಸಿದ ಬಟನ್ ಪಟ್ಟಿಯನ್ನು ನಿಜವಾದ ಸೂಪರ್ ನಿಂಟೆಂಡೊಗೆ ಉಣಿಸಿತು. ನೋಡನೋಡುತ್ತ 'ಸೂಪರ್ ಮಾರಿಯೋ ವರ್ಲ್ಡ್' ಆಟದೊಳಗೇ ಪಾಂಗ್ ಮತ್ತು ಹಾವಿನಾಟ ಹುಟ್ಟಿಕೊಂಡವು! ಬರೇ ಬಟನ್ ಒತ್ತಿ ಒತ್ತಿ ಆಟದ ನೆನಪಿನಲ್ಲಿ ಹೊಸ ಪ್ರೋಗ್ರಾಮನ್ನೇ ಬರೆದದ್ದು ಅದು. ಇದನ್ನು ಚೀಟಿಂಗ್ ಅಂದರೆ ಕೀಲಿ ಮಾಡುವ ಕುಶಲಿಗನನ್ನು ಕಳ್ಳ ಅಂದಹಾಗೆ.

ತಂತ್ರ ಎಷ್ಟು ಸೂಕ್ಷ್ಮ ಅಂತೀರಾ? 1985ರ 'ಸೂಪರ್ ಮಾರಿಯೋ ಬ್ರದರ್ಸ್' ತಗೊಳ್ಳಿ. ಒಂದು ಹಂತ ಮುಗಿದಾಗ ಮುಂದಿನದಕ್ಕೆ ಬಿಡುವ ಮೊದಲು ಆಟ 21 ಫ್ರೇಮಿಗೊಮ್ಮೆ ಮಾತ್ರ ಕಣ್ಣು ಬಿಟ್ಟು ನೋಡುತ್ತೆ. ನಮ್ಮ ಪುಣೆ-ಲೋಣಾವಳಾ ಲೋಕಲ್ ಇದ್ದಹಾಗೆ. ನೀವು ಶಿವಾಜಿನಗರ ಸ್ಟೇಷನ್ನಿಗೆ ಐದು ನಿಮಿಷ ಮುಂಚೆ ಬಂದರೇನು, ಹತ್ತು ನಿಮಿಷ ಮುಂಚೆ ಬಂದರೇನು, ಗಾಡಿ ಹೊರಡುವುದು ಅದರ ವೇಳೆಗೇ. ಆದ್ದರಿಂದ ಒಂದು ಹಂತದಲ್ಲಿ 5 ಫ್ರೇಮ್ ಉಳಿಸಿದರೆ ಕವಡೆ ಕಿಮ್ಮತ್ತಿಲ್ಲ, ಹಿಂದಿನ ಗಾಡಿಯನ್ನೇ ಹಿಡಿಯುವಷ್ಟು ಉಳಿಸಿದರೆ ಮಾತ್ರ ಒಂದೇ ಏಟಿಗೆ 21 ಫ್ರೇಮ್, ಅಂದರೆ 0.35 ಸೆಕೆಂಡ್ ಲಾಭ. ಕೊನೆಯ ಹಂತದಲ್ಲಿ ಈ ಕಾಯುವಿಕೆ ಇಲ್ಲ, ಅಲ್ಲಿ ಒಂದೊಂದು ಫ್ರೇಮೂ ಲೆಕ್ಕಕ್ಕೆ ಬರುತ್ತೆ. ಹ್ಯಾಪಿಲೀ ಎಂಬ ಚೀನಾದ ಹುಡುಗ ಇದನ್ನೆಲ್ಲ ಅಳೆದು ಸುರಿದು 2011ರಲ್ಲಿ ಮಾಡಿದ ಟಾಸ್, ಮೆಷೀನ್ ಆನ್ ಮಾಡಿದ ಕ್ಷಣದಿಂದ ಎಣಿಸಿದರೆ 4 ನಿಮಿಷ 57.31 ಸೆಕೆಂಡ್. ಕೈಯಲ್ಲಿ ಆಡುವವರು ಗಡಿಯಾರ ಶುರು ಮಾಡುವುದು ಸ್ವಲ್ಪ ತಡವಾಗಿ, ಮಾರಿಯೋ ಕೈಗೆ ಸಿಕ್ಕಮೇಲೆ. ಹಾಗೆ ಎಣಿಸಿದರೆ ಟಾಸ್ 4:54ರ ಆಸುಪಾಸಿಗೆ ಬರುತ್ತೆ.

ಈಗ ಕೇಳಿ. ಕಂಬದ ಬುಡದೊಳಗೆ ನುಸುಳಿ ಧ್ವಜ ಇಳಿಯುವ ಸಮಯ ಉಳಿಸುವಂಥ, ಮನುಷ್ಯನ ಕೈಲಿ ಆಗದ ಮಾತು ಅನ್ನಿಸಿಕೊಂಡ ತಂತ್ರಗಳನ್ನೆಲ್ಲ ಒಂದೊಂದಾಗಿ ಮನುಷ್ಯರೇ ಕಲಿತರು. 2021ರಲ್ಲಿ ನಿಫ್ಟ್‌ಸ್ಕಿ ಅನ್ನುವ ಆಟಗಾರ ಬರಿಗೈಯಲ್ಲಿ ಮೊದಲ ಬಾರಿಗೆ 4:55ರ ಒಳಗೆ ಮುಗಿಸಿದ. ಇವತ್ತು ಯಂತ್ರದ ನೆರವಿನ ಓಟಕ್ಕೂ ಮನುಷ್ಯನ ಓಟಕ್ಕೂ ನಡುವೆ ಅರ್ಧ ಸೆಕೆಂಡೂ ಇಲ್ಲ. ದಾರಿಯ ನಕ್ಷೆ ಬರೆದುಕೊಟ್ಟವನನ್ನು ಮೋಸಗಾರ ಅಂದು, ಆ ನಕ್ಷೆ ಹಿಡಿದು ಓಡಿದವನಿಗೆ ಮಾತ್ರ ಹಾರ ಹಾಕುವುದು ಯಾವ ನ್ಯಾಯ ಸ್ವಾಮೀ?

*

'ಆದರೂ ಜನರನ್ನು ಬೇಸ್ತು ಬೀಳಿಸುತ್ತಾರಲ್ಲ?' ಅಂತೀರಿ. 2003ರಲ್ಲಿ ಹಾಗಾದದ್ದು ಹೌದು. ಮೊರಿಮೊಟೊ ಎಂಬ ಜಪಾನಿ 'ಸೂಪರ್ ಮಾರಿಯೋ ಬ್ರದರ್ಸ್ 3' ಆಟವನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿದ ವಿಡಿಯೋ ಜಗತ್ತೆಲ್ಲ ಓಡಾಡಿತು. ಹೇಗೆ ಮಾಡಿದ್ದು ಅನ್ನುವ ವಿವರ ವಿಡಿಯೋದ ಜೊತೆ ಹೋಗಲಿಲ್ಲ. ಮನುಷ್ಯನೇ ಆಡಿದ್ದು ಅಂತ ಬೆರಗಾದವರು ಆಮೇಲೆ ಉರಿದುಬಿದ್ದರು. ಅದೇ ವರ್ಷ ಡಿಸೆಂಬರಿನಲ್ಲಿ ಫಿನ್ಲೆಂಡಿನ ಬಿಸ್ಕ್ವಿಟ್ ಎಂಬಾತ ಕಟ್ಟಿದ ಕೂಟವೇ ಇವತ್ತಿನ 'ಟಾಸ್‌ವಿಡಿಯೋಸ್'. (ಟಾಸ್ ಅನ್ನುವ ಹೆಸರು ಅದಕ್ಕೂ ಹಳೆಯದು, 1999ರಲ್ಲಿ 'ಡೂಮ್' ಆಟದವರು ಇಟ್ಟದ್ದು.) ಅಲ್ಲಿ ಒಪ್ಪಿಸುವ ಪ್ರತಿಯೊಂದಕ್ಕೂ ಹಣೆಪಟ್ಟಿ ಇದೆ. ಇದು ಉಪಕರಣದ ನೆರವಿನದು, ಇಂಥ ಎಮ್ಯುಲೇಟರ್, ಇಷ್ಟು ರೀ-ರೆಕಾರ್ಡ್, ಇಂಥಿಂಥ ತಂತ್ರ. ಬಟನ್ ಪಟ್ಟಿಯ ಫೈಲನ್ನು ಯಾರು ಬೇಕಾದರೂ ಇಳಿಸಿಕೊಂಡು ಪರೀಕ್ಷಿಸಬಹುದು. ನಮ್ಮ ಪುಣೇರಿ ಪಾಟಿಗಳ ಹಾಗೆ ಎಲ್ಲ ಬಾಗಿಲಲ್ಲೇ ಬರೆದಿಟ್ಟಿರುತ್ತೆ, ಓದದೆ ಒಳಗೆ ನುಗ್ಗಿದವರದು ತಪ್ಪು. :-)

ಹಾಗಾದರೆ ಮೋಸ ಎಲ್ಲಿರುತ್ತೆ? ಹಣೆಪಟ್ಟಿ ಇಲ್ಲದ ಕಡೆ. ಅಟಾರಿಯ 'ಡ್ರ್ಯಾಗ್‌ಸ್ಟರ್' ಆಟದಲ್ಲಿ ಟಾಡ್ ರೋಜರ್ಸ್ ಹೆಸರಿನಲ್ಲಿ 5.51 ಸೆಕೆಂಡಿನ ದಾಖಲೆ 1982ರಿಂದ ಇತ್ತು, ಗಿನ್ನೆಸ್ ಕೂಡ ಮನ್ನಿಸಿತ್ತು. ಎರಿಕ್ ಕೋಜಿಯಲ್ ಎಂಬಾತ 2017ರಲ್ಲಿ ಆಟದ ಕೋಡನ್ನೇ ಬಿಚ್ಚಿ ಫ್ರೇಮ್ ಫ್ರೇಮ್ ಲೆಕ್ಕ ಹಾಕಿ, 5.57ಕ್ಕಿಂತ ಬೇಗ ಆಗಲು ಸಾಧ್ಯವೇ ಇಲ್ಲ ಅಂತ ತೋರಿಸಿದ. 2018ರ ಜನವರಿಯಲ್ಲಿ ದಾಖಲೆ ಇಡುವ 'ಟ್ವಿನ್ ಗ್ಯಾಲಕ್ಸೀಸ್' ಸಂಸ್ಥೆ ರೋಜರ್ಸ್‌ನ ಎಲ್ಲ ದಾಖಲೆಗಳನ್ನೂ ಅಳಿಸಿತು. ಇನ್ನೊಂದು ಉದಾಹರಣೆ 'ಡಯಾಬ್ಲೊ'. 2009ರ 3 ನಿಮಿಷ 12 ಸೆಕೆಂಡಿನ ಓಟವೊಂದನ್ನು ಮೀರಿಸುವ ಟಾಸ್ ಮಾಡಲು ಹೊರಟವರು, ಆಟ ಹುಟ್ಟಿಸಬಲ್ಲ ನೆಲಮಾಳಿಗೆಗಳನ್ನೆಲ್ಲ ಜಾಲಾಡಿದರೂ ಆ ಓಟದಲ್ಲಿ ಕಂಡಂಥ ಸರಣಿ ಸಿಗಲಿಲ್ಲ. ಆ ದಾಖಲೆಯನ್ನೂ ತೆಗೆದುಹಾಕಲಾಯಿತು. ಅಂದರೆ ಇಲ್ಲಿ ಕಳ್ಳನನ್ನು ಹಿಡಿದ ಪೊಲೀಸರು ಯಾರು? ನೀವು ಚೀಟಿಂಗ್ ಅಂದಿರಲ್ಲ, ಅವರೇ! ಉಪಕರಣ ಹಿಡಿಯುವುದರಲ್ಲಿ ಮೋಸವಿಲ್ಲ, ಹಿಡಿದದ್ದನ್ನು ಮುಚ್ಚಿಡುವುದರಲ್ಲಿದೆ. ನನ್ನ ವಾದವೆಲ್ಲ ಇಷ್ಟೇ.

*

ನಮ್ಮ ಕಡೆ ಇದು ಅರ್ಥವಾಗದೆ ಹೋಗುವುದಕ್ಕೆ ಒಂದು ಕಾರಣ ನನಗೆ ಹೊಳೆಯುತ್ತೆ. ನಮಗೆ ಮೊದಲಿನಿಂದಲೂ 'ತಡವರಿಸದೆ ಒಂದೇ ಸಲಕ್ಕೆ' ಅನ್ನುವುದರ ಮೇಲೆ ವ್ಯಾಮೋಹ. ಬರೆದದ್ದನ್ನು ತಿದ್ದದೇ ಮುಂದುವರಿಯುವುದೇ ತನ್ನ ಹೆಚ್ಚುಗಾರಿಕೆ ಅಂತ ಗದುಗಿನ ನಾರಣಪ್ಪ ಹೇಳಿಕೊಂಡ, ನಾವು ಇವತ್ತಿಗೂ ತಲೆದೂಗುತ್ತೇವೆ. ಶತಾವಧಾನಿ ಆರ್. ಗಣೇಶರು ವೇದಿಕೆಯ ಮೇಲೆ ಕುಳಿತು ಥಟ್ಟನೆ ಪದ್ಯ ಹೇಳಿದರೆ ಕೈ ಮುಗಿಯಬೇಕು ಅನ್ನಿಸುತ್ತೆ, ನಿಜ. ಹಾಗಂತ ಮನೆಯಲ್ಲಿ ಕೂತು ನೂರು ಸಲ ಹೊಡೆದುಹಾಕಿ ಬರೆದ ಕವಿಯನ್ನು ಮೋಸಗಾರ ಅಂತ ಯಾರಾದರೂ ಅಂದದ್ದುಂಟೇ? ಎರಡೂ ಬೇರೆ ಬೇರೆ ವಿದ್ಯೆ. ಕೈಯಲ್ಲಿ ಆಡುವವನು ಅವಧಾನಿ, ಟಾಸ್ ಮಾಡುವವನು ಕವಿ. ಟಾಸ್‌ವಿಡಿಯೋಸ್‌ನವರು ಅವನನ್ನು 'ಆಟಗಾರ' ಅನ್ನುವುದಿಲ್ಲ, 'ಆಥರ್' ಅಂತಲೇ ಕರೆಯುತ್ತಾರೆ. ಚೆಸ್ ಲೋಕಕ್ಕೆ ಇದು ಯಾವಾಗಲೋ ಗೊತ್ತಿತ್ತು. ಎದುರಾಳಿಯ ಮುಂದೆ ಕುಳಿತು ಆಡುವವರಿಗಷ್ಟೇ ಅಲ್ಲ, ಚೆಸ್ ಸಮಸ್ಯೆ ರಚಿಸುವವರಿಗೂ ಫಿಡೆ ಪ್ರತ್ಯೇಕವಾಗಿ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಡುತ್ತೆ. ಅಭಿಜಿತ್ ಕುಂಟೆಯಂಥವರು ಬೆಳೆದ ಈ ಪುಣೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ನನಗೆ ಸೋಜಿಗ.

ಇನ್ನು ಪ್ರಶಸ್ತಿಯ ಮಾತು. ಟಾಸ್ ಬಳಗದವರು ವರ್ಷಕ್ಕೊಮ್ಮೆ ತಾವೇ ಹೆಸರು ಸೂಚಿಸಿ, ವೋಟು ಹಾಕಿ ಪ್ರಶಸ್ತಿ ಕೊಟ್ಟುಕೊಳ್ಳುತ್ತಾರೆ. ಒಂದೊಂದು ಮೆಷೀನಿಗೆ ಒಂದು, ಹೊಸ ತಂತ್ರ ಕಂಡುಹಿಡಿದದ್ದಕ್ಕೆ ಒಂದು, ಆಟದ ದೋಷಗಳನ್ನು ಚೆನ್ನಾಗಿ ಬಳಸಿದ್ದಕ್ಕೆ ಒಂದು, ಹೊಸಬರಿಗೆ ಒಂದು. ದುಡ್ಡಿಲ್ಲ ಕಾಸಿಲ್ಲ, ಹೆಸರಿನ ಪಕ್ಕದಲ್ಲೊಂದು ಪುಟ್ಟ ಚಿತ್ರ ಅಷ್ಟೇ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು 'ಲಕ್ಕಿ ಟಾಸ್', ಅಂದರೆ ವರ್ಷದ ಅದೃಷ್ಟಶಾಲಿ ಟಾಸ್. ತಮಾಷೆ ನೋಡಿ, ಇಲ್ಲಿ ಅದೃಷ್ಟ ಅನ್ನುವುದೇ ಇಲ್ಲ! ಹಳೇ ಆಟಗಳೊಳಗೆ ದಾಳವಿಲ್ಲ. ಎಷ್ಟು ಫ್ರೇಮ್ ಕಳೆಯಿತು, ಯಾವ ಬಟನ್ ಒತ್ತಿದಿರಿ ಅನ್ನುವುದರ ಮೇಲೆ ಒಂದು ಸಂಖ್ಯೆ ಹುಟ್ಟುತ್ತೆ, ಅದೇ ಅದರ 'ವಿಧಿ'. ಒಂದು ಫ್ರೇಮ್ ತಡೆದು ಬಾಗಿಲು ತೆರೆದರೆ ಬೇಕಾದ ವಸ್ತು ಸಿಗುತ್ತೆ, ತಡೆಯದಿದ್ದರೆ ಇಲ್ಲ. ಎಲ್ಲಿ ತಡೆಯಬೇಕು ಅಂತ ಸಾವಿರಾರು ಸಲ ಹಿಂದೆ ಮುಂದೆ ಹೋಗಿ ಹುಡುಕಿದವನಿಗೆ ಆ ಬಳಗ ನಗುತ್ತಾ 'ಅದೃಷ್ಟವಂತ' ಅಂತ ಬಿರುದು ಕೊಡುತ್ತೆ. ಇದಕ್ಕಿಂತ ಪ್ರಾಮಾಣಿಕವಾದ ಪ್ರಶಸ್ತಿ ನನಗೆ ಗೊತ್ತಿಲ್ಲ.

ಈಗ ನಮ್ಮ ಕಡೆ ನೋಡೋಣ. ಜೂನ್ ತಿಂಗಳು ಬಂತೆಂದರೆ ಈ ಊರಿನ ಚೌಕಗಳಲ್ಲಿ ಕೋಚಿಂಗ್ ಕ್ಲಾಸುಗಳ ಹೋರ್ಡಿಂಗಿನ ಮೇಲೆ ಟಾಪರ್‌ಗಳ ಮುಖ. ಒಂದೇ ಹುಡುಗನ ಫೋಟೋ ಎರಡೆರಡು ಕ್ಲಾಸಿನ ಬೋರ್ಡಿನಲ್ಲಿ ನಾನೇ ಕಂಡಿದ್ದೇನೆ. ಎಷ್ಟು ಲಕ್ಷ ಫೀ, ಎಷ್ಟು ಸಲ ಬರೆದದ್ದು, ಏನೇನು ನೆರವು, ಇದರಲ್ಲಿ ಒಂದಾದರೂ ಬೋರ್ಡಿನ ಮೇಲೆ ಇರುತ್ತೇನು? ಅಲ್ಲಿ ರೀ-ರೆಕಾರ್ಡ್ ಎಣಿಕೆ ಇರುವುದಿಲ್ಲ ಸ್ವಾಮೀ. ಆ ಹುಡುಗರ ಶ್ರಮ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಅವರ ಹಿಂದಿರುವ ಉಪಕರಣವನ್ನು ಮುಚ್ಚಿಟ್ಟು 'ಪ್ರತಿಭೆ' ಅಂತ ಮಾರುವುದರ ಬಗ್ಗೆ ನನ್ನ ತಕರಾರು. ಅದಕ್ಕೆ ಶಾಲು, ಶ್ರೀಫಲ, ಪುಣೇರಿ ಪಗಡಿ. ಎಲ್ಲ ಬಿಚ್ಚಿಟ್ಟವನಿಗೆ 'ಚೀಟಿಂಗ್'!

ಹಾಗಂತ ಬಂದದ್ದಕ್ಕೆಲ್ಲ ಬಹುಮಾನ ಕೊಡಿ ಅಂತ ನಾನು ಕೇಳುವುದಿಲ್ಲ. ಇದೇ ಊರಿನ ಪುರುಷೋತ್ತಮ ಕರಂಡಕ ಏಕಾಂಕ ಸ್ಪರ್ಧೆಯಲ್ಲಿ 2022ರಲ್ಲಿ ತೀರ್ಪುಗಾರರು ಯಾವ ನಾಟಕವೂ ಆ ಮಟ್ಟಕ್ಕಿಲ್ಲ ಅಂತ ಕರಂಡಕವನ್ನೇ ಕೊಡಲಿಲ್ಲ. ಗದ್ದಲವಾಯಿತು. ನನಗಂತೂ ಅದು ಗೌರವದ ಕೆಲಸ ಅನ್ನಿಸಿತು, ಯಾಕೆಂದರೆ ಅವರು ನಾಟಕಗಳನ್ನು ನೋಡಿ ಹಾಗೆಂದರು. ಟಾಸ್‌ವಿಡಿಯೋಸ್‌ನಲ್ಲೂ ತೀರ್ಪುಗಾರರಿದ್ದಾರೆ, ಕಳಪೆಯಾದದ್ದನ್ನು ಮುಲಾಜಿಲ್ಲದೆ ತಿರಸ್ಕರಿಸುತ್ತಾರೆ, ಕಾರಣವನ್ನೂ ಬರೆಯುತ್ತಾರೆ. ಇನ್ನಷ್ಟು ಚುರುಕಾದದ್ದು ಬಂದರೆ ಹಳೆಯದು ಹಿಂದೆ ಸರಿಯುತ್ತೆ, ಆದರೆ ಅಳಿದುಹೋಗುವುದಿಲ್ಲ. ನಮ್ಮ ಹುಡುಗನ 'ಕಾಂಟ್ರಾ' ಸಾಧಾರಣ ಅಂತ ಯಾರಾದರೂ ನೋಡಿ ಹೇಳಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

'ಇನ್ನು ಮುಂದೆ ಎಲ್ಲ ಎಐ ಮಾಡುತ್ತೆ, ಇವರದೇನು ಹೆಚ್ಚುಗಾರಿಕೆ' ಅನ್ನುವವರಿಗೆ ಕೊನೆಯ ಮಾತು. ಯಂತ್ರದ ನೆರವು ಪಡೆದದ್ದನ್ನು ಹೇಗೆ ಹೇಳಿಕೊಳ್ಳಬೇಕು, ಎಷ್ಟು ಹೇಳಬೇಕು, ಬರಿಗೈಯವರ ಪಕ್ಕ ನಿಲ್ಲದೆ ಬೇರೆ ಸಾಲು ಹೇಗೆ ಮಾಡಿಕೊಳ್ಳಬೇಕು ಅನ್ನುವ ಪ್ರಶ್ನೆ ಹಿಂಜವಡಿಯ ಆಫೀಸುಗಳಿಗೆ, ಕಾಲೇಜುಗಳಿಗೆ, ಬರೆಯುವ ನಮಗೆ ಈಗ ಬಂದು ನಿಂತಿದೆ. ಈ ಗೇಮಿನ ಹುಡುಗರು ಇಪ್ಪತ್ತು ವರ್ಷಗಳ ಹಿಂದೆಯೇ ಇದಕ್ಕೆ ಉತ್ತರ ಕಂಡುಕೊಂಡು, ನಿಯಮ ಮಾಡಿಕೊಂಡು ನಡೆಯುತ್ತಿದ್ದಾರೆ. ಇವರಿಗೆ ಪಗಡಿ ತೊಡಿಸುವುದು ಬೇಡ. ಕಡೇಪಕ್ಷ ಅವರು ಬರೆದುಕೊಟ್ಟದ್ದನ್ನು ಪೂರ್ತಿ ಓದಿ, ಆಮೇಲೆ ಬೈಯಿರಿ. ಏನಂತೀರಿ?