ಅಂಗಿಯ ಮೇಲಿನ ಅಂಕಿ

ಮಕ್ಕಳೇ, ಈ ವಾರ ಪುಸ್ತಕದ ಸುದ್ದಿ ಇಲ್ಲ, ಸಿನಿಮಾದ್ದು. ಹತ್ತನೇ ತರಗತಿಯ ಮೊಮ್ಮಗಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ದ ಗ್ರೇಟ್ ಫ್ಲಡ್’ ಎಂಬ ಕೊರಿಯಾದ ಚಿತ್ರ ತೋರಿಸಿದಳು. 2025ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು, ನಿರ್ದೇಶಕ ಕಿಮ್ ಬ್ಯುಂಗ್‌ವೂ. ನೀರಿನ ದೃಶ್ಯಗಳು ಭಯ ಹುಟ್ಟಿಸುತ್ತವೆ, ಚಿಕ್ಕವರಿಗೆ ಬೇಡ. ನಮ್ಮ ಮನೆಯಾಕೆಯೇ ಹತ್ತು ನಿಮಿಷಕ್ಕೆ ಎದ್ದು ಅಡುಗೆಮನೆಗೆ ಹೋದಳು.

ಆನಾ ಎಂಬ ತಾಯಿ, ಜಾಇನ್ ಎಂಬ ಪುಟ್ಟ ಮಗ. ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಬೆಳಗ್ಗೆ ಏಳುವಷ್ಟರಲ್ಲಿ ಮನೆಯೊಳಗೆ ನೀರು! ಕ್ಷುದ್ರಗ್ರಹವೊಂದು ಅಂಟಾರ್ಕ್ಟಿಕಕ್ಕೆ ಬಡಿದು ಹಿಮ ಕರಗಿದೆಯಂತೆ. ತಾಯಿ ಮಗನನ್ನು ಎತ್ತಿಕೊಂಡು ಮೆಟ್ಟಿಲು ಹತ್ತತೊಡಗುತ್ತಾಳೆ.

ನಾನು ಲೆಕ್ಕದ ಮೇಷ್ಟ್ರಲ್ಲವೇ, ಪೆನ್ನು ತೆಗೆದೆ. ಅಂಟಾರ್ಕ್ಟಿಕದ ಹಿಮವೆಲ್ಲ ಕರಗಿದರೆ ಸಮುದ್ರ ಸುಮಾರು 58 ಮೀಟರ್ ಏರುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಮಹಡಿಗೆ 3 ಮೀಟರ್ ಹಿಡಿದರೆ ಹತ್ತೊಂಬತ್ತು ಮಹಡಿ. ‘ಅದರ ಮೇಲಿನವರು ಆರಾಮಾಗಿ ಕಾಫಿ ಕುಡಿಯಬಹುದು’ ಎಂದೆ. ‘ತಾತ, ಅಲೆಗಳನ್ನ ಲೆಕ್ಕಕ್ಕೆ ಹಿಡಿದ್ಯಾ?’ ಎಂದಳು. ಹಿಡಿದಿರಲಿಲ್ಲ.

ಅರ್ಧ ದಾಟಿದ ಮೇಲೆ ಕಥೆ ಬೇರೆಯೇ ಆಯಿತು. ಆನಾ ಕೃತಕ ಬುದ್ಧಿಮತ್ತೆಯ ಸಂಶೋಧಕಿ. ಜಾಇನ್ ಪ್ರಯೋಗಾಲಯದಲ್ಲಿ ತಯಾರಾದ ಮಗು! ಮುಂದಿನ ಮನುಷ್ಯರನ್ನು ಸೃಷ್ಟಿಸಲು ತಾಯಿಯ ಮಮತೆ ಎಂಥದ್ದೆಂದು ಯಂತ್ರ ಕಲಿಯಬೇಕು. ಅದಕ್ಕಾಗಿ ಆ ಪ್ರವಾಹದ ದಿನವನ್ನೇ ಕಂಪ್ಯೂಟರಿನೊಳಗೆ ಮತ್ತೆ ಮತ್ತೆ ನಡೆಸುತ್ತಾರೆ. ಪ್ರತಿ ಸಲವೂ ತಾಯಿ ಮಗನನ್ನು ಹುಡುಕಬೇಕು.

ನನಗೆ ರೇಗಿತು. ಚೆನ್ನಾಗಿ ಹೋಗುತ್ತಿದ್ದ ಕಥೆಗೆ ಈ ಗೋಜಲೇಕೆ? ಮೊಮ್ಮಗಳು, ‘ಅವಳ ಟೀ ಶರ್ಟ್ ನೋಡು ತಾತ’ ಎಂದಳು. ಅಂಗಿಯ ಮೇಲೊಂದು ಅಂಕಿ ಇದೆ, ಏರುತ್ತಲೇ ಇದೆ. ಅದು ಎಷ್ಟನೇ ಸಲ ಎಂಬ ಲೆಕ್ಕ. ಕೊನೆಗೆ 20,000 ದಾಟುತ್ತದೆ. ಲೆಕ್ಕದ ಮೇಷ್ಟ್ರ ಕಣ್ಣಿಗೇ ಬಿದ್ದಿರಲಿಲ್ಲ!

‘ತಯಾರಿಸಿದ ಮಗುವಿಗೆ ಅಷ್ಟು ಸಲ ಸಾಯಬೇಕೇ?’ ಎಂದೆ.

‘ಅಮ್ಮಾ ಅಂತ ಕರೆದಿದ್ದನಲ್ಲ’ ಎಂದಳು. ನಾನು ಸುಮ್ಮನಾದೆ.

ಮಗ ಎಲ್ಲಿದ್ದ ಎಂದು ಹೇಳುವುದಿಲ್ಲ. ಆದರೆ ಆ ದೃಶ್ಯ ಬಂದಾಗ ನನಗೆ ಹಳೆಯದೊಂದು ನೆನಪಾಯಿತು. ಇವಳ ಅಪ್ಪ ಆರು ವರ್ಷದವನಿದ್ದಾಗ ಜಾತ್ರೆಯಲ್ಲಿ ಕಳೆದುಹೋಗಿದ್ದ. ತೇರಿನ ಸುತ್ತ, ಕೆರೆ ಏರಿಯ ಮೇಲೆ, ಎಲ್ಲೆಲ್ಲೋ ಓಡಿದೆ. ‘ಪುರಿ ಅಂಗಡಿ ಹತ್ರಾನೇ ನಿಂತಿರು, ಬರ್ತೀನಿ’ ಎಂದು ಹೇಳಿದ್ದವನು ನಾನೇ. ಅದನ್ನೇ ಮರೆತಿದ್ದೆ. ಅವನು ಮರೆತಿರಲಿಲ್ಲ.

ಮೊಮ್ಮಗಳು ತಕ್ಷಣ ಅಪ್ಪನಿಗೆ ಫೋನ್ ಮಾಡಿ, ಆವತ್ತು ಭಯವಾಗಿತ್ತಾ ಎಂದು ಕೇಳಿದಳು.

‘ಇಲ್ಲಮ್ಮ, ತಾತ ಬರ್ತೀನಿ ಅಂದಿದ್ರಲ್ಲ’ ಎಂದನಂತೆ.